ಹಿರೇಬೆಣಕಲ್‌ಗೆ ಹೋಗುವವರು ಆಟೊಗೆ ಮೊದಲೇ ದುಡ್ಡು ಕೊಡಬೇಡಿ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲಿನ ಹಳೇ ಕಾಲದ ಕಲ್ಲಿನ ಗೋರಿಗಳನ್ನು ನೋಡಲು ಹೋಗಿದ್ದೆವು. ಗಂಗಾವತಿ ಬಸ್‌ಸ್ಟ್ಯಾಂಡ್ ಹೊರಗೆ ಸಿಕ್ಕ ಆಟೊದವರು ಹೋಗಿ, ಕಾದು, ವಾಪಸ್ ತರೋಕೆ 900 ರೂಪಾಯಿ ಕೇಳಿದರು. ದೂರ ಹತ್ತು ಕಿಲೋಮೀಟರ್ ಅಷ್ಟೇ. ಹೊಸ ಜಾಗ ಅಂತ ಅಣ್ಣ ಪೂರ್ತಿ ದುಡ್ಡು ಕೊಟ್ಟುಬಿಟ್ಟ. ಮಧ್ಯಾಹ್ನ ಬೆಟ್ಟ ಇಳಿದು ಬಂದರೆ ಆಟೊ ಇಲ್ಲ, ಫೋನೂ ಎತ್ತಲಿಲ್ಲ. ಬಿಸಿಲಲ್ಲಿ ರಸ್ತೆವರೆಗೆ ನಡೆದು, ಕೊಪ್ಪಳದಿಂದ ಬಂದ ಬಸ್ಸು ಹತ್ತಿದೆವು. ನೀವು ಹೋಗುವಾಗಲೂ ಬಸ್ಸಿಗೇ ಹೋಗಿ. ಊರಲ್ಲಿ ದಾರಿ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಮಗೆ ಕುರಿ ಮೇಯಿಸುವ ಹುಡುಗ ಸಿಕ್ಕ. ಅವನಿಲ್ಲದಿದ್ದರೆ ಆ ಬಂಡೆಗಳ ನಡುವೆ ದಾರಿ ತಪ್ಪುತ್ತಿದ್ದೆವು.

ಬೆಳಿಗ್ಗೆ ಆರೂವರೆಗೆಲ್ಲ ಹತ್ತೋಕೆ ಶುರು ಮಾಡಿ. ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು, ಮೇಲೆ ಅಂಗಡಿ ಇಲ್ಲ. ಒಂದು ಹಳೇ ಕೆರೆ ಇದೆ, ಆದರೆ ಅದು ಕುಡಿಯುವ ನೀರಲ್ಲ.

ಮೇಲೆ ಹೋದ ಮೇಲೆ ನಾನು ಸುಮಾರು ಹೊತ್ತು ಮಾತೇ ಆಡಲಿಲ್ಲ. ಕಣ್ಣು ಹಾಯಿಸಿದ ಕಡೆಯಲ್ಲೆಲ್ಲ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಗೂಡುಗಳು. ಚಿಕ್ಕವು, ದೊಡ್ಡವು ಸೇರಿ ಸುಮಾರು 400 ಇವೆ. ಕೆಲವು ಆಳೆತ್ತರಕ್ಕಿಂತ ಜಾಸ್ತಿ. "ಇವು ಮೋರೇರ ಮನಿರೀ, ಗಿಡ್ಡ ಮಂದಿ ಇದ್ರಂತ" ಅಂದ ಹುಡುಗ. ಊರವರು ಮನೆ ಅಂದರೂ ಇವು ಸತ್ತವರಿಗೆ ಕಟ್ಟಿದ್ದು, ಕ್ರಿ.ಪೂ. 800ರಿಂದ 200ರ ನಡುವಿನ ಕಾಲದ್ದು. ಒಂದರ ಮುಂದೆ ಕೂತು ಚಪ್ಪಡಿಯಲ್ಲಿ ಕೊರೆದ ದುಂಡನೆ ಕಿಂಡಿಯ ಅಂಚನ್ನು ಮುಟ್ಟಿದೆ. ಗ್ರಾನೈಟ್ ಕಲ್ಲು, ಆದರೂ ಬೆರಳಿಗೆ ಚುಚ್ಚುವ ಒಂದು ಮೂಲೆ ಸಿಗಲಿಲ್ಲ. ಒಳಗೆ ಕೈ ಹಾಕಿದರೆ ತಣ್ಣಗಿತ್ತು.

ಇಂಥ ಗೋರಿಗಳ ಒಳಗೆ ಏನಿರುತ್ತೆ ಅಂತ ಹುಡುಗ ಕೇಳಿದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕಿದ್ದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಅಂತ ಹೇಳಿದೆ. ಅಲ್ಲಿ ಪದರ ಪದರವಾಗಿ ಮಣ್ಣು ತೆಗೆದು, ಯಾವ ಮಡಕೆ ಎಲ್ಲಿತ್ತು ಅಂತ ಬರೆದಿಟ್ಟರು. ಅದರಿಂದಲೇ ಕಾಲ ಲೆಕ್ಕ ಹಾಕಲು ಆಯಿತು. ಇಲ್ಲಿ ನಿಧಿ ಆಸೆಗೆ ಯಾರ್ಯಾರೋ ಗುಂಡಿ ತೋಡಿ ಹೋಗಿದ್ದಾರೆ. ಕೆಲವು ಚಪ್ಪಡಿ ಒರಗಿವೆ, ಕೆಲವು ಮುರಿದು ಬಿದ್ದಿವೆ. ನೋಡಿ ಹೊಟ್ಟೆ ಉರಿಯಿತು. ಒಮ್ಮೆ ಕೆದಕಿದ ಮಣ್ಣನ್ನು ಮತ್ತೆ ಓದೋಕಾಗಲ್ಲ, ಅಲ್ವಾ? 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಗೆ ಸೇರಿದ ಜಾಗ ಇದು. ದಯವಿಟ್ಟು ಫೋಟೊಗೋಸ್ಕರ ಮೇಲಿನ ಚಪ್ಪಡಿ ಹತ್ತಬೇಡಿ.

ಅಲ್ಲೇ ಒಂದು ಬಂಡೆ ಮೇಲೆ ನಗಾರಿ ಆಕಾರದ ದೊಡ್ಡ ಕಲ್ಲಿದೆ, ಅದನ್ನು ಕೆಳಗಿನಿಂದಲೇ ನೋಡಿದೆವು. ಬಂಡೆಗಳ ಮೇಲೆ ಬರೆದ ಕಾವಿ ಬಣ್ಣದ ಹಳೇ ಚಿತ್ರಗಳನ್ನು ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ.

ಊಟಕ್ಕೆ ಗಂಗಾವತಿಗೇ ವಾಪಸ್ ಬನ್ನಿ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹಂಚಿನ ಮನೆಯೊಂದರ ಖಾನಾವಳಿ, ಬೋರ್ಡ್ ಇಲ್ಲ. ರೊಟ್ಟಿ ಬಡಿಯುವ ಸದ್ದು ಹಿಡಿದು ಹೋದರೆ ಸಾಕು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೇಲೆ ಗಟ್ಟಿ ಮೊಸರು. ಒಬ್ಬರಿಗೆ 80 ರೂಪಾಯಿ. ಬಿಸಿಲಿಗೆ ಬಾಡಿದ ನಮ್ಮ ಮುಖ ನೋಡಿ ಆ ಅಕ್ಕ ಕೇಳದೇ ಎರಡು ಲೋಟ ಮಜ್ಜಿಗೆ ತಂದಿಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಎರಡೂವರೆಗೆ ರೊಟ್ಟಿ ಮುಗಿಯುತ್ತೆ. ಅದನ್ನು ಲೆಕ್ಕ ಹಾಕಿಕೊಂಡೇ ಬೆಟ್ಟ ಇಳಿಯಿರಿ.