ಮಡೇರಾ ಕಣಿವೆಯ ಕಾಡು ರೇಷ್ಮೆ ಪತಂಗ

ಅರಿಝೋನಾದ ಟೂಸಾನ್ ನಗರದ ದಕ್ಷಿಣಕ್ಕೆ, ಸಾಂಟಾ ರೀಟಾ ಪರ್ವತಗಳ ಮಡೇರಾ ಕಣಿವೆಗೆ ಏರುತ್ತ ಹೋದಂತೆ ಕಳ್ಳಿ, ಮುಳ್ಳುಪೊದೆಗಳ ಬಯಲು ಹಿಂದುಳಿದು ಓಕ್ ಮತ್ತು ಜೂನಿಪರ್ ಮರಗಳ ಕಾಡು ಆರಂಭವಾಗುತ್ತದೆ. ಬೇಸಗೆಯ ಮಳೆ ಹಿಡಿದಿದ್ದ ಒಂದು ಜುಲೈ ರಾತ್ರಿ, ಊರಿನಿಂದ ಬಂದಿದ್ದ ಅಪ್ಪನೊಡನೆ ನಾನು ಅಲ್ಲಿ ಬಿಳಿ ಬಟ್ಟೆ ಕಟ್ಟಿ, ನೇರಳಾತೀತ ದೀಪ ಹಚ್ಚಿ, ಆಂಥರಿಯಾ ಆಕ್ಯುಲಿಯಾ ಎಂಬ ಕಾಡು ರೇಷ್ಮೆ ಪತಂಗಕ್ಕಾಗಿ ಕಾದು ಕುಳಿತೆ.

ಅಪ್ಪ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕಿದವರು. ಪೊರೆ ಕಳಚಲು ಜ್ವರಕ್ಕೆ ಕೂತ ಹುಳುವನ್ನೂ ಗೂಡು ಕಟ್ಟಲು ಹಣ್ಣಾದ ಹುಳುವನ್ನೂ ನೋಡಿದೊಡನೆ ಹೇಳಬಲ್ಲವರಾದರೂ, ಅವರು ಪತಂಗ ಕಂಡದ್ದು ಅಪರೂಪ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿ ಮಾರಿದ ಗೂಡಿನೊಳಗಿನ ಜೀವ ನೂಲು ಬಿಚ್ಚುವ ಮೊದಲೇ ಬಿಸಿಗೆ ಸಾಯುತ್ತದೆ, ಮೊಟ್ಟೆಗೆಂದು ಉಳಿಸಿದ ಬಿತ್ತನೆ ಗೂಡಿನಿಂದ ಹೊರಬಂದದ್ದೂ ರೆಕ್ಕೆ ಬಡಿಯುತ್ತದೆಯೇ ಹೊರತು ಹಾರಲಾರದು.

ಹನ್ನೊಂದು ದಾಟಿದ ಮೇಲೆ ಬಾವಲಿಯಂತೆ ಸುತ್ತು ಹೊಡೆದು ಬಟ್ಟೆಗೆ ಬಂದು ಬಡಿದದ್ದು ಗಂಡು. ಅಗಲವಾದ ಗರಿಯಂಥ ಮೀಸೆಗಳೇ ಅದನ್ನು ಹೇಳುತ್ತಿದ್ದವು. ಹೆಣ್ಣು ಗಾಳಿಗೆ ಬಿಡುವ ವಾಸನೆಯನ್ನು ದೂರದಿಂದಲೇ ಹಿಡಿಯುವುದಕ್ಕೆ ಆ ಮೀಸೆ. ಕಂದು ರೆಕ್ಕೆಗಳನ್ನು ಬಿಡಿಸಿದಾಗ ಅಂಗೈಗಿಂತ ಅಗಲವಿತ್ತು; ಹಿಂದಿನ ರೆಕ್ಕೆಗಳಲ್ಲಿ ಕಪ್ಪು, ನೀಲಿ, ಹಳದಿ ಉಂಗುರಗಳ ದೊಡ್ಡ ಕಣ್ಣುಗಳು. ಇದರ ಹುಳು ಓಕ್ ಎಲೆ ತಿಂದು ಬೆಳೆಯುತ್ತದೆ. ಪತಂಗವಾದ ಮೇಲೆ ಏನನ್ನೂ ತಿನ್ನದೆ, ಒಳಗಿನ ಕೊಬ್ಬಿನಲ್ಲೇ ಕೆಲವು ದಿನ ಬದುಕುತ್ತದೆ. ಕಾಡು ರೇಷ್ಮೆ ಕೊಡುವ ನಮ್ಮ ಟಸರ್ ಹುಳುವಿನದೂ ಇದೇ ಕುಲ ಎಂದೆ.

“ಹಾಗಾದರೆ ಇದರಲ್ಲೂ ನೂಲು ಬರುತ್ತಲ್ಲಪ್ಪ, ಇವರು ಯಾಕೆ ಸಾಕಲಿಲ್ಲ?” ಎಂದರು ಅಪ್ಪ.

ಸಾಕಲು ಹೊರಟವನೊಬ್ಬನಿದ್ದ. 1860ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಲಿಯೊಪೋಲ್ಡ್ ಟ್ರೂವೆಲೊ ಎಂಬ ಫ್ರೆಂಚ್ ವಲಸಿಗ ಇದರ ಹತ್ತಿರದ ಬಂಧು ಪಾಲಿಫೀಮಸ್ ಹುಳುಗಳನ್ನು ಬಲೆ ಹೊದಿಸಿದ ಗಿಡಗಳ ಮೇಲೆ ಅಪಾರ ಸಂಖ್ಯೆಯಲ್ಲಿ ಸಾಕಿದ. ರೇಷ್ಮೆ ಉದ್ಯಮವೇನೂ ಬೆಳೆಯಲಿಲ್ಲ, ಆದರೆ ಅವನು ಯುರೋಪಿನಿಂದ ತರಿಸಿದ್ದ ಜಿಪ್ಸಿ ಪತಂಗದ ಹುಳುಗಳು ತಪ್ಪಿಸಿಕೊಂಡು, ಇಂದಿಗೂ ಅಮೆರಿಕದ ಪೂರ್ವದ ಕಾಡುಗಳನ್ನು ಬೋಳಿಸುತ್ತಿವೆ. ಅಪ್ಪನಿಗೆ ಇದು ವಿಚಿತ್ರವೆನಿಸಲಿಲ್ಲ, ಸಾಕಣೆ ಮನೆಯ ಬಾಗಿಲು ಭದ್ರವಿಲ್ಲದವನು ಹುಳುವಿಗೆ ಕೈ ಹಾಕಬಾರದಿತ್ತು ಎಂದಷ್ಟೇ ಹೇಳಿ, “ಇನ್ನು ದೀಪ ಆರಿಸು. ಇದು ಹೆಣ್ಣು ಹುಡುಕೋ ಹೊತ್ತು, ಇಲ್ಲೇ ಕೂತರೆ ಬಿತ್ತನೆ ಹಾಳು” ಎಂದರು.