ಎಂಟನೆಯ ಸೀಸನ್ನಿನ ಗಡಿಯಾರ

ದೀರ್ಘಕಾಲ ಓಡುವ ಅಮೆರಿಕನ್ ಧಾರಾವಾಹಿಗಳು ಆರೇಳು ಸೀಸನ್ ದಾಟಿದ ಮೇಲೆ ಸೊರಗುತ್ತವೆ ಎಂಬ ಮಾತನ್ನು ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕೊರಿಯಾ ಯುದ್ಧಕಾಲದ ಸೇನಾ ಆಸ್ಪತ್ರೆಯೊಂದರ ಕಥೆಯಾದ ‘ಮ್ಯಾಶ್’ನ ಕೆಲವು ಕಂತುಗಳನ್ನು ಈ ವಾರ ಮತ್ತೆ ನೋಡಿದಾಗ, ಅದರ ಅತ್ಯಂತ ದಿಟ್ಟ ಪ್ರಯೋಗಗಳು ಏಳನೆಯ ಸೀಸನ್ನಿನಿಂದೀಚೆಗೇ ಕಾಣಿಸಿಕೊಂಡಿವೆ ಅನ್ನಿಸಿತು.

1978ರ ‘ಪಾಯಿಂಟ್ ಆಫ್ ವ್ಯೂ’ ಕಂತಿನಲ್ಲಿ, ಗಂಟಲಿಗೆ ಪೆಟ್ಟು ಬಿದ್ದು ಮಾತನಾಡಲಾಗದ ಸೈನಿಕನ ಕಣ್ಣಾಗಿ ಕ್ಯಾಮೆರಾ ಕೆಲಸ ಮಾಡುತ್ತದೆ. ವೈದ್ಯರೂ ದಾದಿಯರೂ ನೇರವಾಗಿ ನಮ್ಮ ಮುಖಕ್ಕೇ ಬಾಗಿ ಮಾತನಾಡುತ್ತಾರೆ. ಮರುವರ್ಷದ ‘ಲೈಫ್ ಟೈಮ್’ ನನಗೆ ಇನ್ನೂ ಹೆಚ್ಚು ಪ್ರಿಯ. ಮಹಾಪಧಮನಿ ಹರಿದ ಸೈನಿಕನೊಬ್ಬನಿಗೆ ಸುಮಾರು 20 ನಿಮಿಷಗಳೊಳಗೆ ರಕ್ತಸಂಚಾರವನ್ನು ಮರಳಿಸದಿದ್ದರೆ ಕಾಲುಗಳ ಸ್ವಾಧೀನ ತಪ್ಪುವ ಅಪಾಯವಿರುತ್ತದೆ, ಮತ್ತು ಆ ಸಮಯವನ್ನು ತೋರಿಸುವ ಗಡಿಯಾರವೊಂದು ಪರದೆಯ ಮೂಲೆಯಲ್ಲಿ ಓಡುತ್ತಲೇ ಇರುತ್ತದೆ. ಅವನಿಗೆ ಜೋಡಿಸಬೇಕಾದ ರಕ್ತನಾಳ ದೊರೆಯಬೇಕಾದದ್ದು ಸಾವಿನ ಅಂಚಿನಲ್ಲಿರುವ ಇನ್ನೊಬ್ಬ ಸೈನಿಕನಿಂದ. ಆ ಹಾಸಿಗೆಯ ಪಕ್ಕದಲ್ಲಿ ಅವನ ಗೆಳೆಯ ಕುಳಿತಿದ್ದಾನೆ. ಒಬ್ಬನ ಉಳಿವಿಗಾಗಿ ಮತ್ತೊಬ್ಬನ ಕೊನೆಯುಸಿರನ್ನು ಕಾಯುವ ವೈದ್ಯರ ಸಂಕಟವನ್ನು ಯಾವ ಭಾಷಣವೂ ಇಲ್ಲದೆ ಗಡಿಯಾರವೇ ಹೇಳಿಬಿಡುತ್ತದೆ.

ಮೂರು ವರ್ಷಗಳ ಯುದ್ಧವನ್ನು 1972ರಿಂದ 1983ರವರೆಗೆ ಹನ್ನೊಂದು ಸೀಸನ್‌ಗಳಿಗೆ ಎಳೆದದ್ದು ನಗೆ ತರಿಸುವ ವಿಷಯವೇ ಹೌದು. ಆದರೂ ಪಾತ್ರಗಳನ್ನು ಪರಿಚಯಿಸುವ ಹೊಣೆ ಅಷ್ಟು ಹೊತ್ತಿಗೆ ಮುಗಿದಿದ್ದರಿಂದಲೇ ಬರಹಗಾರರಿಗೆ ಇಂಥ ಸ್ವಾತಂತ್ರ್ಯ ಸಿಕ್ಕಿರಬೇಕೆಂದು ನನ್ನ ಊಹೆ.