ಹಗ್ಗ, ಉಂಗುರ ಮತ್ತು 6:20ರ ಕ್ಯಾಬ್

ಮೊನ್ನೆ ಆಫೀಸಿನ ಟೌನ್‌ಹಾಲ್ ಮೀಟಿಂಗ್‌ನಲ್ಲಿ ಒಂದು ಸ್ಲೈಡ್ ಬಂತು. ಹಸಿರು ಲಾನ್, ಹದಿನಾರು ಜನ, ನಡುವೆ ಹಗ್ಗ, ಎಲ್ಲರ ಮುಖವೂ ಕೆಂಪು. ಕೆಳಗೆ ದಪ್ಪ ಅಕ್ಷರದಲ್ಲಿ ‘ಒನ್ ಟೀಮ್’. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಡೆಕ್ ಶೇರ್ ಮಾಡಿದಾಗ ಆ ಫೋಟೋ ಜೂಮ್ ಮಾಡಿ ನೋಡಿದೆ. ಬಲಗಡೆ ಕೊನೆಯಲ್ಲಿ ನಿಂತಿರುವ ನೈಟ್ ಶಿಫ್ಟ್ ಹುಡುಗನ ಬಲಗೈಗೆ ಹಗ್ಗ ಎರಡು ಸುತ್ತು ಸುತ್ತಿಕೊಂಡಿದೆ. ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುತ್ತಿಗೆಗೆ ವಿಸಲ್ ನೇತು ಹಾಕಿಕೊಂಡು ಹಲ್ಲು ಬಿಡುತ್ತಾ ನಿಂತಿರುವವಳು ನಾನು.

ಮಾರ್ಚ್ ತಿಂಗಳ ಕಥೆ ಇದು. ಬಜೆಟ್ ಉಳಿದಿದೆ, 31ರೊಳಗೆ ಖರ್ಚು ಮಾಡದಿದ್ದರೆ ಲ್ಯಾಪ್ಸ್ ಆಗುತ್ತೆ, ಏನಾದ್ರೂ ಟೀಮ್ ಬಿಲ್ಡಿಂಗ್ ಮಾಡಿ ಅಂತ ಬಾಸ್ ಮೇಲ್ ಹಾಕಿದರು. ತಲೆಗೆ 1,800 ರೂಪಾಯಿ. ವರ್ಷವಿಡೀ ಹೊಸ ಹೆಡ್‌ಸೆಟ್ ಕೇಳಿದರೆ ಫಂಡ್ ಇಲ್ಲ ಅನ್ನುವವರಿಗೆ ಮಾರ್ಚ್ ಬಂದ ಕೂಡಲೇ ಟೀಮ್ ಸ್ಪಿರಿಟ್ ಉಕ್ಕಿ ಬರುತ್ತೆ. ಇರಲಿ. ನನಗೂ ಅದು ಬೇಕಾಗಿತ್ತು ಅನ್ನೋದು ನಿಜ. ಎರಡೂ ಶಿಫ್ಟ್ ನನಗೇ ರಿಪೋರ್ಟ್ ಮಾಡುತ್ತವೆ, ಆರು ತಿಂಗಳಿಂದ ಎರಡಕ್ಕೂ ಮಾತಿಲ್ಲ ಕತೆಯಿಲ್ಲ. ನೈಟ್‌ನವರು ಬೆಳಗಾಗುವಾಗ ಎಲ್ಲ ಟಿಕೆಟ್ಟನ್ನೂ (ಅಂದರೆ ಗ್ರಾಹಕರ ದೂರನ್ನು) ‘ಪೆಂಡಿಂಗ್ ಕಸ್ಟಮರ್’ಗೆ, ಅಂದರೆ ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದೇವೆ ಅನ್ನುವ ಪಟ್ಟಿಗೆ, ತಳ್ಳಿ ಹೋಗುತ್ತಾರೆ ಅಂತ ಡೇನವರ ದೂರು. ಡೇನವರು ಕಷ್ಟದ್ದನ್ನೆಲ್ಲ ಸಂಜೆವರೆಗೂ ಮುಟ್ಟದೆ ನಮ್ಮ ತಲೆಗೆ ಕಟ್ಟುತ್ತಾರೆ ಅಂತ ನೈಟ್‌ನವರ ದೂರು. ಪ್ರತಿ ಸೋಮವಾರ, ಮುಚ್ಚಿದ ಮೇಲೂ ಮತ್ತೆ ತೆರೆದುಕೊಂಡ ಟಿಕೆಟ್‌ಗಳ ರೀಓಪನ್ ರಿಪೋರ್ಟ್ ಬಂದಾಗ ಗ್ರೂಪ್‌ನಲ್ಲಿ ಯುದ್ಧ. ಒಂದು ದಿನ ಹೊರಗೆ ಕರೆದುಕೊಂಡು ಹೋಗಿ ಆಡಿಸಿ, ಊಟ ಹಾಕಿಸಿದರೆ ಸರಿ ಹೋಗುತ್ತೆ ಅಂದುಕೊಂಡೆ.

ಕನಕಪುರ ರಸ್ತೆಯಲ್ಲಿ, ಹಾರೋಹಳ್ಳಿ ಹತ್ತಿರ ಒಂದು ರೆಸಾರ್ಟ್. ಶನಿವಾರ. ಬೇರೆ ದಿನ ಎರಡೂ ಶಿಫ್ಟ್ ಒಟ್ಟಿಗೆ ಸಿಗುವುದಿಲ್ಲ. ನೈಟ್‌ನವರು ಲಾಗೌಟ್ ಮಾಡಿ ಹಾಗೇ ಟೆಂಪೋ ಟ್ರಾವೆಲರ್ ಹತ್ತಿದರು. ‘ದಾರೀಲಿ ಮಲಗ್ತಾರೆ ಬಿಡು’ ಅಂದುಕೊಂಡೆ. ಔಟರ್ ರಿಂಗ್ ರೋಡ್‌ನಿಂದ ಹಾರೋಹಳ್ಳಿವರೆಗೆ, ಸ್ಪೀಕರ್‌ನಲ್ಲಿ ಡೇ ಶಿಫ್ಟ್‌ನವರ ಅಂತ್ಯಾಕ್ಷರಿ ನಡೆಯುವಾಗ, ಯಾರು ಮಲಗ್ತಾರೆ ಹೇಳಿ.

ಮೊದಲ ಆಟ ಮಾರ್ಷ್‌ಮೆಲ್ಲೋ ಚಾಲೆಂಜ್. ಇಪ್ಪತ್ತು ಸ್ಪಗೆಟಿ ಕಡ್ಡಿ, ಸ್ವಲ್ಪ ಟೇಪು, ಸ್ವಲ್ಪ ದಾರ, ಹದಿನೆಂಟು ನಿಮಿಷದಲ್ಲಿ ಗೋಪುರ ಕಟ್ಟಿ ತುದಿಯಲ್ಲಿ ಮಾರ್ಷ್‌ಮೆಲ್ಲೋ ಅನ್ನುವ ಮೆತ್ತನೆ ಮಿಠಾಯಿ ನಿಲ್ಲಿಸಬೇಕು. ಮಾರ್ಷ್‌ಮೆಲ್ಲೋ ಸಿಗಲಿಲ್ಲ ಅಂತ ಫೆಸಿಲಿಟೇಟರ್ ಸಾಹೇಬರು ರಸಗುಲ್ಲಾ ತಂದಿದ್ದರು. ಪಾಕ ಇಳಿದು ಕಡ್ಡಿಯೆಲ್ಲ ಮೆತ್ತಗಾಗಿ ಒಂದು ಗೋಪುರವೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಎರಡೂ ಕಡೆಯವರು ಒಟ್ಟಿಗೆ ನಕ್ಕಿದ್ದು ಆಗ ಮಾತ್ರ. ಅಲ್ಲಿಗೇ ನಿಲ್ಲಿಸಿದ್ದರೆ!

ಆಮೇಲೆ ಹಗ್ಗಜಗ್ಗಾಟ. ಫೆಸಿಲಿಟೇಟರ್ ಒಂದು ಎರಡು, ಒಂದು ಎರಡು ಅಂತ ಎಣಿಸಿ ಜನರನ್ನು ಬೆರೆಸಲು ಹೊರಟರು. ನಾನೇ ತಡೆದೆ. ‘ಬೇಡ ಸರ್, ಡೇ ವರ್ಸಸ್ ನೈಟ್ ಮಾಡಿ, ಮಜಾ ಇರುತ್ತೆ’ ಅಂದೆ. ಈ ಒಂದು ವಾಕ್ಯವನ್ನು ವಾಪಸ್ ತೆಗೆದುಕೊಳ್ಳಲು ಆಗುವ ಹಾಗಿದ್ದರೆ ಈ ವರ್ಷದ ಬೋನಸ್ ಬಿಟ್ಟುಕೊಡುತ್ತಿದ್ದೆ. ಬೋನಸ್ ಎಷ್ಟು ಬಂತು ಅಂತ ಕೇಳಬೇಡಿ.

ಮೊದಲ ಸುತ್ತು ಡೇ, ಎರಡನೇದು ನೈಟ್. ಮೂರನೇದಕ್ಕೆ ಯಾರ ಮುಖದಲ್ಲೂ ನಗು ಇರಲಿಲ್ಲ, ಆದರೆ ನಾನು ಅದನ್ನು ಜೋಶ್ ಅಂದುಕೊಂಡೆ. ನೈಟ್ ಕಡೆ ಕೊನೆಯಲ್ಲಿ ನಮ್ಮ ಹುಬ್ಬಳ್ಳಿ ಹುಡುಗ. ಎತ್ತರ, ಗಟ್ಟಿ ಆಳು, ಎರಡು ವಾರದ ಹಿಂದೆ ನಿಶ್ಚಿತಾರ್ಥ ಆಗಿತ್ತು. ಜಾರಬಾರದು ಅಂತ ನೈಲಾನ್ ಹಗ್ಗವನ್ನು ಅಂಗೈ ಸುತ್ತ ಎರಡು ಸುತ್ತು ಸುತ್ತಿಕೊಂಡ. ನಾನು ನೋಡಿದೆ. ನೋಡಿಯೂ ‘ಭಲೇ’ ಅಂದೆ.

ವಿಸಲ್ ಊದಿದೆ. ಅರ್ಧ ನಿಮಿಷ ಹಗ್ಗ ಅಲ್ಲಾಡಲಿಲ್ಲ. ಬೆಳಿಗ್ಗೆ ಸ್ಪ್ರಿಂಕ್ಲರ್ ಬಿಟ್ಟಿದ್ದರಿಂದ ಲಾನ್ ಒದ್ದೆ. ನೈಟ್ ಕಡೆ ನಡುವಿನವನ ಕಾಲು ಜಾರಿತು, ಅವನ ಮೇಲೆ ಇನ್ನೊಬ್ಬ ಬಿದ್ದ, ಉಳಿದವರು ಒಬ್ಬೊಬ್ಬರಾಗಿ ಹಗ್ಗ ಬಿಟ್ಟರು. ಕೊನೆಯವನು ಬಿಡಲಿಲ್ಲ. ಎಂಟು ಜನ ಆ ಕಡೆ ಎಳೆಯುತ್ತಿದ್ದಾರೆ, ಈ ಕಡೆ ಇವನೊಬ್ಬ ಹುಲ್ಲಿನ ಮೇಲೆ ಬೋರಲು ಬಿದ್ದು ಬಲಗೈ ಮುಂದೆ ಚಾಚಿಕೊಂಡು ಜಾರಿ ಹೋಗುತ್ತಿದ್ದಾನೆ. ‘ಅಬ್ಬಾ, ಏನು ಹಠ ನೋಡು ಇವನದು’ ಅಂತ ನಾನು ಪಕ್ಕದವರಿಗೆ ಹೇಳಿದೆ. ನಗುತ್ತಾ ಹೇಳಿದೆ. ಬಿಡಲು ಆಗುತ್ತಿಲ್ಲ ಅನ್ನುವುದು ಹೊಳೆಯಲು ಐದಾರು ಸೆಕೆಂಡ್ ಬೇಕಾಯಿತು. ಆಮೇಲೆ ವಿಸಲ್ ಊದಿದೆ, ಊದಿದೆ, ಡಿಜೆ ಸೌಂಡಿನಲ್ಲಿ ಯಾರಿಗೂ ಕೇಳಲಿಲ್ಲ.

ನಿಲ್ಲಿಸಿದ್ದು ನಾನಲ್ಲ. ಡೇ ಶಿಫ್ಟ್‌ನ ಒಬ್ಬ ಹುಡುಗಿ, ಸಾಲಿನಲ್ಲಿ ಮೊದಲನೆಯವಳು, ಅವನ ಮುಖ ನೋಡಿದವಳೇ ಹಗ್ಗದ ಮೇಲೆ ಕೂತುಬಿಟ್ಟಳು. ಕೂತು ‘ಬಿಡ್ರೋ’ ಅಂತ ಕಿರುಚಿದಳು.

ಅಂಗೈ ಚರ್ಮ ಸುಲಿದು ಹೋಗಿತ್ತು. ಅದಕ್ಕಿಂತ ಜಾಸ್ತಿ ಹೆದರಿಕೆ ಆಗಿದ್ದು ಉಂಗುರದ ಬೆರಳು ನೋಡಿ. ನೋಡ್ತಾ ನೋಡ್ತಾ ಊದಿಕೊಳ್ಳುತ್ತಿದೆ, ಉಂಗುರ ಮಾಂಸದೊಳಗೆ ಇಳಿಯುತ್ತಿದೆ, ತುದಿ ನೀಲಿ ಬಣ್ಣಕ್ಕೆ ತಿರುಗುತ್ತಿದೆ. ಅವನು ಮಾತ್ರ ‘ಏನಿಲ್ರೀ ಅಕ್ಕಾ, ಸ್ವಲ್ಪ ಉರೀತದ ಅಷ್ಟ’ ಅನ್ನುತ್ತಿದ್ದ. ರೆಸಾರ್ಟಿನ ಫಸ್ಟ್ ಏಡ್ ಬಾಕ್ಸ್‌ನಲ್ಲಿ ಒಂದು ಬ್ಯಾಂಡೇಜು, ಎಕ್ಸ್‌ಪೈರಿ ಆದ ಮುಲಾಮು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ನನ್ನ ಕಾರಿನಲ್ಲೇ ಹೊರಟೆವು. ಹಗ್ಗದ ಮೇಲೆ ಕೂತ ಹುಡುಗಿ ತಾನೂ ಬರ್ತೀನಿ ಅಂತ ಹತ್ತಿದಳು. ಹಿಂದಿನ ಸೀಟಿನಲ್ಲಿ ಬೆರಳಿಗೆ ಎಣ್ಣೆ ಸವರಿ, ದುಪಟ್ಟಾದ ಅಂಚಿನಿಂದ ದಾರ ಕಿತ್ತು ಒತ್ತಾಗಿ ಸುತ್ತಿ ಉಂಗುರ ಜಾರಿಸಲು ನೋಡಿದಳು. ಅವಳ ಅಜ್ಜಿ ಬಳೆ, ಉಂಗುರ ಎಲ್ಲ ಹಾಗೇ ತೆಗೆಯುತ್ತಿದ್ದರಂತೆ. ಗೆಣ್ಣಿನವರೆಗೆ ಬಂತು, ಅಲ್ಲಿಂದ ಮುಂದೆ ಬರಲಿಲ್ಲ.

ನೋವು ಮರೆಸಲಿ ಅಂತಲೋ ಏನೋ, ಅವಳು ಕೇಳಿದಳು: ‘ನಿಮ್ಮ ಲಾಗಿನ್ ಐಡಿ ಏನು?’ ಅವನು ಹೇಳಿದ. ಅವಳು ಒಂದು ಕ್ಷಣ ಸುಮ್ಮನಾಗಿ, ‘ಅಯ್ಯೋ, ಆ ಸೊನ್ನೆ ಏಳು ನೀವೇನಾ? ದಿನಾ ಬೈಕೊಳ್ತಿದ್ದೆ’ ಅಂದಳು. ಒಂದೇ ಫ್ಲೋರ್, ಒಂದೇ ಡೆಸ್ಕ್ ಸಾಲು, ಹದಿನಾಲ್ಕು ತಿಂಗಳು. ಒಬ್ಬರ ಮುಖ ಒಬ್ಬರು ನೋಡಿದ್ದು ಅವತ್ತೇ. ಯಾಕೆ ಎಲ್ಲ ಪೆಂಡಿಂಗ್‌ಗೆ ಹಾಕಿ ಹೋಗ್ತೀರಿ ಅಂತ ಅವಳು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟು: ‘6:20ಕ್ಕ ಡ್ರಾಪ್ ಕ್ಯಾಬ್ ಬಿಡ್ತದ್ರಿ. ನೀವು ಬರೋದು ಆರೂವರಿಗೆ. ನಿಮಗ ಕುಂತು ಹೇಳೂದು ಯಾವಾಗ? ಹಂಗ ಬಿಟ್ರ ಎಸ್‌ಎಲ್‌ಎ ಬ್ರೀಚ್ ನಮ್ಮ ಹೆಸರಿಗೆ.’ ಅಂದರೆ ಗಡುವು ಮೀರಿದ ತಪ್ಪು ಅವರ ತಲೆಗೆ.

ಸ್ಟೀರಿಂಗ್ ಹಿಡಿದುಕೊಂಡು ನಾನು ಕೇಳುತ್ತಾ ಕೂತಿದ್ದೆ. ಆ ಕ್ಯಾಬ್ ರೋಸ್ಟರ್‌ಗೆ ಪ್ರತಿ ತಿಂಗಳು ಅಪ್ರೂವಲ್ ಕೊಡುವವಳು ನಾನೇ.

ಆಸ್ಪತ್ರೆಯಲ್ಲಿ ಪುಟ್ಟ ಚಕ್ರದ ಕಟರ್ ತಂದು ಉಂಗುರ ಕತ್ತರಿಸಿದರು. ಅಷ್ಟು ಹೊತ್ತೂ ಗಟ್ಟಿಯಾಗಿದ್ದವನು ಆಗ ಮುಖ ಆ ಕಡೆ ತಿರುಗಿಸಿಕೊಂಡ. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು, ಆರು ವಾರ ಪಟ್ಟಿ.

ಆ ರಾತ್ರಿ ನಿದ್ದೆ ಬರದೆ ಹಗ್ಗಜಗ್ಗಾಟದ ಬಗ್ಗೆ ಓದುತ್ತಾ ಕೂತೆ. ಮೊದಲೇ ಓದಬೇಕಿತ್ತು ಅಂತೀರಾ, ಹೌದು. ಇದು 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಆಟ. ಕೈಗೆ ಹಗ್ಗ ಸುತ್ತಿಕೊಳ್ಳುವುದು ನಿಯಮದ ಪ್ರಕಾರ ಆಡುವ ಕಡೆ ನಿಷಿದ್ಧ. 1997ರಲ್ಲಿ ತೈವಾನಿನ ತೈಪೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಎಳೆಯುತ್ತಿದ್ದಾಗ ಹಗ್ಗ ತುಂಡಾಗಿ ಇಬ್ಬರ ತೋಳೇ ಕಿತ್ತು ಹೋಗಿತ್ತು, ಡಾಕ್ಟರುಗಳು ಮತ್ತೆ ಜೋಡಿಸಬೇಕಾಯಿತು. ಓದಿ ಮೈಯೆಲ್ಲ ತಣ್ಣಗಾಯಿತು. ಇನ್ನೊಂದು ಸಿಕ್ಕಿತು. ರಿಂಗೆಲ್‌ಮನ್ ಅಂತ ಒಬ್ಬ ಫ್ರೆಂಚ್ ಕೃಷಿ ಇಂಜಿನಿಯರ್ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ್ದ: ಜನ ಹೆಚ್ಚಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಮ್ಮಿ, ಎಂಟು ಜನ ಸೇರಿದರೆ ತಲೆಗೆ ಸುಮಾರು ಅರ್ಧ. ಪಾಪ, ಆತ ನಮ್ಮ ಡೇ ಶಿಫ್ಟನ್ನು ನೋಡಿರಲಿಲ್ಲ. ಆರು ತಿಂಗಳ ಸಿಟ್ಟು ಇದ್ದರೆ ಎಂಟಕ್ಕೆ ಎಂಟೂ ಜನ ಪೂರ್ತಿ ಎಳೆಯುತ್ತಾರೆ.

ಸೋಮವಾರವೇ ಟ್ರಾನ್ಸ್‌ಪೋರ್ಟ್‌ನವರ ಹಿಂದೆ ಬಿದ್ದೆ. 6:20ರ ಕ್ಯಾಬನ್ನು 6:45 ಮಾಡಿ, ಅಷ್ಟೇ. ಆಗಲ್ಲ ಮೇಡಂ, ಎಸ್ಕಾರ್ಟ್ ಶಿಫ್ಟ್ ಹೊಂದಲ್ಲ, ವೆಂಡರ್ ಜಾಸ್ತಿ ಕೇಳ್ತಾನೆ, ಟೂಲ್‌ನಲ್ಲಿ ಅರ್ಧ ಗಂಟೆ ಸ್ಲಾಟ್ ಬಿಟ್ಟರೆ ಬೇರೆ ಇಲ್ಲ. ಮೂರು ವಾರ ಮೇಲ್ ಹೊಡೆದಾಡಿ ಕೊನೆಗೆ 6:50 ಕೊಟ್ಟರು, ಟೂಲ್ ಹೇಗೆ ಒಪ್ಪಿತೋ ಗೊತ್ತಿಲ್ಲ. ಒಂದು ರೂಪಾಯಿ ಜಾಸ್ತಿ ಆಗಲಿಲ್ಲ. ಈಗ ಇಪ್ಪತ್ತು ನಿಮಿಷ ಎರಡೂ ಶಿಫ್ಟ್ ಕಾಫಿ ಮಷೀನ್ ಹತ್ತಿರ ನಿಂತು ಹ್ಯಾಂಡೋವರ್ ಮಾಡುತ್ತವೆ. ಜಗಳ ನಿಂತಿದೆ ಅಂದುಕೊಳ್ಳಬೇಡಿ. ಎದುರೆದುರು ಜಗಳ ಆಡ್ತಾರೆ, ಗ್ರೂಪ್‌ನಲ್ಲಿ ಆಡಲ್ಲ. ಎದುರಿಗಿದ್ದಾಗ ಬೈಗುಳ ಸ್ವಲ್ಪ ಕಮ್ಮಿ, ಅಷ್ಟೇ.

ಔಟಿಂಗ್ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಹುಬ್ಬಳ್ಳಿ ಹುಡುಗ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದ. ಕಾಮೆಂಟ್: ‘ಊಟ ಚೊಲೊ ಇತ್ತು.’ ಎಡಗೈಯಲ್ಲಿ ಟೈಪ್ ಮಾಡಿದ್ದು.

ಅವನ ಉಂಗುರ ಅಕ್ಕಸಾಲಿಗನ ಹತ್ತಿರ ಬೆಸುಗೆ ಹಾಕಿಸಿ ಕೊಟ್ಟೆ, 850 ರೂಪಾಯಿ. ಔಟಿಂಗ್‌ನಲ್ಲೇ ಆದ ಖರ್ಚು ತಾನೇ ಅಂತ ಕ್ಲೇಮ್ ಹಾಕಿದೆ. ಮೊದಲ ಸಲ ರಿಜೆಕ್ಟ್: ಜಿಎಸ್‌ಟಿ ನಂಬರ್ ಇಲ್ಲ. ಎರಡನೇ ಸಲ: ಟೀಮ್ ಬಿಲ್ಡಿಂಗ್ ಅಡಿ ಒಡವೆ ಬರುವುದಿಲ್ಲ. ಟೌನ್‌ಹಾಲ್ ಆದ ದಿನ ಮೂರನೇ ಸಲ ಹಾಕಿದ್ದೇನೆ. ಈ ಸಲ ಆ ಸ್ಲೈಡನ್ನೇ ಅಟ್ಯಾಚ್ ಮಾಡಿ, ಅವನ ಕೈಯ ಸುತ್ತ ಕೆಂಪು ಗೆರೆ ಎಳೆದು ಕಳಿಸಿದ್ದೇನೆ.